ಇಎಲ್84ರ ಗ್ರಿಡ್ಡಿಗೆ ಎಷ್ಟು ದೊಡ್ಡ ಕಂಡೆನ್ಸರ್ ಬೇಕು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಹಳ್ಳಿಯವನು. ಮನೆಯ ಅಟ್ಟದ ಮೇಲೆ ಬಹುಕಾಲ ಬಿದ್ದಿದ್ದ ವಾಲ್ವ್ ಆಂಪ್ಲಿಫೈಯರನ್ನು ಕೆಳಗಿಳಿಸಿ ಮತ್ತೆ ಹಾಡುವಂತೆ ಮಾಡಿದ್ದೇನೆ. ಅದರಲ್ಲಿ ಸಿಗ್ನಲನ್ನು ಮೊದಲು ಹಿಗ್ಗಿಸುವ ಇಸಿಸಿ83 ವಾಲ್ವ್ ಒಂದು, ಸ್ಪೀಕರನ್ನು ನುಡಿಸುವ ಇಎಲ್84 ವಾಲ್ವ್ ಒಂದು ಇವೆ, ಹೊರಬಂದ ಸಿಗ್ನಲಿನ ಪಾಲನ್ನು ಹಿಂದಕ್ಕೆ ಕೊಡುವ ಫೀಡ್‌ಬ್ಯಾಕ್ ಇಲ್ಲ. ಯಕ್ಷಗಾನದ ಹಳೆಯ ಧ್ವನಿಮುದ್ರಣಗಳನ್ನು ಹಾಕಿದಾಗ ಮದ್ದಳೆಯ ಗುಂಭವೇ (ಎಡಗೈಯ ಕೆಳದನಿಯೇ) ಕೇಳಿಸದ ಕಾರಣ, ಪರಿಚಿತರೊಬ್ಬರ ಸಲಹೆಯಂತೆ ಇಎಲ್84ರ ಗ್ರಿಡ್ಡಿಗೆ (ಸಿಗ್ನಲ್ ಒಳಹೋಗುವ ತುದಿಗೆ) ಹೋಗುವ 0.01 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ತೆಗೆದು 0.47 ಹಾಕಿದೆ. ಬಾಸ್ ಹೆಚ್ಚಿದಂತೆ ಕಾಣಲಿಲ್ಲ. ಬದಲಿಗೆ, ಚಂಡೆಯ ಜೋರಾದ ಪೆಟ್ಟುಗಳು ಮುಗಿದೊಡನೆ ಭಾಗವತರ ದನಿ ಒಂದರೆಕ್ಷಣ ಉಡುಗಿಹೋಗುತ್ತದೆ. ಕೆಲವೊಮ್ಮೆ ಹಾಡಿಲ್ಲದಿದ್ದಾಗಲೂ ಸ್ಪೀಕರಿನ ಕೋನ್ ಉಸಿರಾಡುವಂತೆ ನಿಧಾನವಾಗಿ ಒಳಗೂ ಹೊರಗೂ ಆಡುತ್ತದೆ. ಈ ಕಂಡೆನ್ಸರಿನ ಅಳತೆಯನ್ನು ನಿಶ್ಚಯಿಸುವ ಕ್ರಮವೇನು?

ಉತ್ತರ: ನೀವು ತೆಗೆದುಹಾಕಿದ 0.01ರ ಬಗ್ಗೆ ಮೊದಲು ಒಂದು ಮಾತು. ಅದು ತಯಾರಕರ ಜಿಪುಣತನವಾಗಿರಲಿಲ್ಲ. ಬಾಸ್ ಕಾಣೆಯಾಗಿದ್ದಕ್ಕೆ ಆ ಕಂಡೆನ್ಸರ್ ಕಾರಣವಲ್ಲವೆಂಬುದು ಲೆಕ್ಕದಿಂದಲೇ ಗೊತ್ತಾಗುತ್ತದೆ, ಆದ್ದರಿಂದ ಲೆಕ್ಕದಿಂದಲೇ ಆರಂಭಿಸೋಣ.

ಇಸಿಸಿ83ರ ಆನೋಡಿನಲ್ಲಿ, ಅಂದರೆ ಸಿಗ್ನಲ್ ಹೊರಬರುವ ತುದಿಯಲ್ಲಿ, ಸುಮಾರು 150 ವೋಲ್ಟ್ ಡಿಸಿ ನಿಂತಿರುತ್ತದೆ. ಇಎಲ್84ರ ಗ್ರಿಡ್ ಇರಬೇಕಾದ್ದು ಸೊನ್ನೆಯಲ್ಲಿ. ಡಿಸಿಯನ್ನು ತಡೆದು ಸಂಗೀತವನ್ನಷ್ಟೇ ದಾಟಿಸುವುದು ಕಪ್ಲಿಂಗ್ ಕಂಡೆನ್ಸರಿನ ಕೆಲಸ. ಅದು ಎಷ್ಟು ಕೆಳಗಿನ ಸ್ವರದವರೆಗೆ ದಾಟಿಸುತ್ತದೆ ಎಂಬುದು ಕಂಡೆನ್ಸರೊಂದರಿಂದಲೇ ತೀರ್ಮಾನವಾಗುವುದಿಲ್ಲ. ಅದರ ಎರಡೂ ಬದಿಯ ರೆಸಿಸ್ಟರುಗಳು ಸೇರಿ ತೀರ್ಮಾನಿಸುತ್ತವೆ. ಮುಂದಿನ ಬದಿಯಲ್ಲಿರುವುದು ಗ್ರಿಡ್ಡನ್ನು ಸೊನ್ನೆಗೆ ಕಟ್ಟಿರುವ ಗ್ರಿಡ್ ಲೀಕ್ ರೆಸಿಸ್ಟರ್, ನಿಮ್ಮ ಬಗೆಯ ಸೆಟ್ಟುಗಳಲ್ಲಿ ಸಾಮಾನ್ಯವಾಗಿ 470 ಕಿಲೋ ಓಮ್. ಹಿಂದಿನ ಬದಿಯಲ್ಲಿ 100 ಕಿಲೋ ಓಮ್‌ನ ಆನೋಡ್ ರೆಸಿಸ್ಟರ್ ಮತ್ತು ವಾಲ್ವಿನ ಒಳರೋಧ ಸಮಾಂತರವಾಗಿರುತ್ತವೆ. ಇಸಿಸಿ83ರ ಒಳರೋಧವನ್ನು 62.5 ಕಿಲೋ ಓಮ್ ಎಂದು ಹಿಡಿದರೆ ಎರಡೂ ಸೇರಿ ಸುಮಾರು 38 ಕಿಲೋ ಓಮ್ ಆಗುತ್ತದೆ. ಒಟ್ಟು 508. ಇನ್ನು ಸೂತ್ರ: 159ನ್ನು, ಕಿಲೋ ಓಮ್‌ಗಳಲ್ಲಿರುವ ಈ ರೋಧ ಮತ್ತು ಮೈಕ್ರೋಫ್ಯಾರಡ್‌ಗಳಲ್ಲಿರುವ ಕಂಡೆನ್ಸರಿನ ಗುಣಲಬ್ಧದಿಂದ ಭಾಗಿಸಿದರೆ ಬರುವುದೇ ಹರ್ಟ್ಸ್‌ಗಳಲ್ಲಿ ಕೆಳಗಿನ ಗಡಿ, ಅಂದರೆ ಸಿಗ್ನಲ್ 3 ಡೆಸಿಬೆಲ್ ಇಳಿದು ನೂರರಲ್ಲಿ ಎಪ್ಪತ್ತೊಂದು ಭಾಗ ಮಾತ್ರ ದಾಟುವ ಜಾಗ.

ಈ ಪ್ರಕಾರ ನಿಮ್ಮ ಹಳೆಯ 0.01ರ ಗಡಿ 31 ಹರ್ಟ್ಸ್. 0.022 ಹಾಕಿದರೆ 14, 0.047 ಹಾಕಿದರೆ 7ಕ್ಕೆ ಸ್ವಲ್ಪ ಕಡಿಮೆ, 0.1 ಹಾಕಿದರೆ 3 ಹರ್ಟ್ಸ್. ನೀವು ಹಾಕಿರುವ 0.47ರ ಗಡಿ 0.67 ಹರ್ಟ್ಸ್, ಅಂದರೆ ಒಂದೂವರೆ ಸೆಕೆಂಡಿಗೆ ಒಂದು ಕಂಪನ. ಅಲ್ಲಿ ಕಿವಿಗೆ ಕೇಳಿಸುವಂಥದ್ದು ಏನೂ ಇಲ್ಲ.

ಇದನ್ನು ಸಂಗೀತಕ್ಕೆ ಹೊಂದಿಸಿ ನೋಡಿ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಖರ್ಜ, ಅಂದರೆ ಅತಿ ಕೆಳಗಿನ ಷಡ್ಜ, ಸುಮಾರು 65 ಹರ್ಟ್ಸ್. ನಮ್ಮ ಕಡೆಯ ಮನೆಗಳಲ್ಲಿ ಕೇಳುವ ಹಿಂದೂಸ್ಥಾನಿ ಸಂಗೀತದಲ್ಲಿ ಅದಕ್ಕಿಂತ ಕೆಳಗೆ ಹೆಚ್ಚೇನೂ ಇರುವುದಿಲ್ಲ. ಗಡಿಯ ಎರಡು ಪಟ್ಟು ಆವರ್ತನದಲ್ಲಿ ನಷ್ಟ 1 ಡೆಸಿಬೆಲ್ ಮಾತ್ರ. ಹಾಗಾಗಿ 0.01 ಇದ್ದಾಗಲೂ ಖರ್ಜದ ನಷ್ಟ 1 ಡೆಸಿಬೆಲ್ಲಿನೊಳಗೇ ಇತ್ತು. ಅಷ್ಟನ್ನು ಕೇವಲ ಕೇಳಿಕೆಯಿಂದ ಖಚಿತವಾಗಿ ಗುರುತಿಸಬಲ್ಲವರು ವಿರಳ; ನನಗಂತೂ ಆಗುವುದಿಲ್ಲ. 0.01ರಿಂದ 0.47ಕ್ಕೆ ಏರಿಸಿ ನೀವು ಗಳಿಸಿದ್ದು ಆ ಒಂದು ಡೆಸಿಬೆಲ್ಲನ್ನು ಮಾತ್ರ.

ಹಾಗಿದ್ದರೆ ಮದ್ದಳೆಯ ಗುಂಭ ಎಲ್ಲಿ ಹೋಯಿತು? ನನ್ನ ಅನುಮಾನ ಇಎಲ್84ರ ಕ್ಯಾಥೋಡಿನ (ವಾಲ್ವಿನೊಳಗೆ ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ತುದಿಯ) ಎಲೆಕ್ಟ್ರೊಲೈಟಿಕ್ ಕಂಡೆನ್ಸರಿನ ಮೇಲೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಸೆಟ್ಟಿನಲ್ಲಿ ಮೊದಲು ಒಣಗುವ ಭಾಗ ಅದೇ. ಈ ವಾಲ್ವಿನ ಕ್ಯಾಥೋಡ್ ರೆಸಿಸ್ಟರ್ ಸುಮಾರು 130 ಓಮ್. ವಾಲ್ವ್ ಸ್ವತಃ ಕ್ಯಾಥೋಡಿನ ಕಡೆಯಿಂದ ತೋರುವ ರೋಧ ಅದಕ್ಕಿಂತ ಕಡಿಮೆ: ಅದರ ಟ್ರಾನ್ಸ್‌ಕಂಡಕ್ಟೆನ್ಸ್ (ಗ್ರಿಡ್ಡಿನ ವೋಲ್ಟ್ ಏರಿದಂತೆ ಕರೆಂಟು ಹೆಚ್ಚುವ ಪ್ರಮಾಣ) ಪ್ರತಿ ವೋಲ್ಟಿಗೆ 11.3 ಮಿಲಿ ಆಂಪಿಯರ್ ಆದ್ದರಿಂದ ಹತ್ತಿರ ಹತ್ತಿರ 90 ಓಮ್. ಎರಡೂ ಸಮಾಂತರವಾಗಿ 52 ಓಮ್ ಆಗುತ್ತದೆ. ಗ್ರಿಡ್ಡಿನ ಬದಿಯಲ್ಲಿ ಅರ್ಧ ಮೆಗಾ ಓಮ್ ಇದ್ದುದರಿಂದ 0.01 ಸಾಕಾಗಿತ್ತು, ಇಲ್ಲಿ ಐವತ್ತೆರಡೇ ಓಮ್ ಇರುವುದರಿಂದ ನೂರಾರು ಮೈಕ್ರೋಫ್ಯಾರಡ್ ಬೇಕು. ಲೆಕ್ಕ ಹಾಕಿದರೆ 25 ಮೈಕ್ರೋಫ್ಯಾರಡ್ಡಿಗೆ ಗಡಿ 120 ಹರ್ಟ್ಸಿನ ಆಸುಪಾಸಿನಲ್ಲಿ ಬರುತ್ತದೆ, 50ಕ್ಕೆ 60, 100ಕ್ಕೆ 30. ಆ ಗಡಿಯ ಕೆಳಗೆ ವಾಲ್ವಿನ ಗೇನ್ ಇಳಿಯುತ್ತ ಹೋಗಿ, ಕೊನೆಗೆ ಸುಮಾರು 8 ಡೆಸಿಬೆಲ್ ಕಳೆದುಕೊಂಡು ನಿಲ್ಲುತ್ತದೆ. 25 ಎಂದು ಬರೆದಿರುವ ಹಳೆಯ ಕಂಡೆನ್ಸರ್ ಒಣಗಿ 5ಕ್ಕೆ ಇಳಿದಿದ್ದರೆ ಮದ್ದಳೆಯ ಎಡಗೈ ಪೂರ್ತಿ ಈ ಇಳಿಜಾರಿನಲ್ಲೇ ಸಿಕ್ಕಿಕೊಂಡಿರುತ್ತದೆ. ಅಲ್ಲಿ 220 ಮೈಕ್ರೋಫ್ಯಾರಡ್, 25 ವೋಲ್ಟಿನದೊಂದನ್ನು, ಧನ ತುದಿ ಕ್ಯಾಥೋಡಿಗೆ ಬರುವಂತೆ ಹಾಕಿ. ಕಪ್ಲಿಂಗ್ ಕಂಡೆನ್ಸರನ್ನು ಮುಟ್ಟುವ ಮೊದಲೇ ಈ ಕೆಲಸ ಆಗಬೇಕಿತ್ತು.

ಎರಡನೆಯ ಜಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದರ ಪ್ರೈಮರಿಯ ಇಂಡಕ್ಟೆನ್ಸ್ 10 ಹೆನ್ರಿ ಎಂದುಕೊಂಡರೂ, 5 ಕಿಲೋ ಓಮ್‌ನ ಲೋಡಿಗೆ ಅದರ ಕೆಳಗಿನ ಗಡಿ 70 ಹರ್ಟ್ಸ್ ಸುಮಾರಿಗೆ ನಿಲ್ಲುತ್ತದೆ. ರೇಡಿಯೋ ಸೆಟ್ಟುಗಳ ಅಂಗೈಯಗಲದ ಟ್ರಾನ್ಸ್‌ಫಾರ್ಮರುಗಳಲ್ಲಿ ಅಷ್ಟು ಇಂಡಕ್ಟೆನ್ಸ್ ಇರುವುದೂ ಕಷ್ಟ. ಅದಲ್ಲದೆ ಒಂದೇ ವೋಲ್ಟೇಜಿಗೆ 60 ಹರ್ಟ್ಸಿನಲ್ಲಿ ಬೇಕಾಗುವ ಕಾಂತಪ್ರವಾಹದ ಎರಡರಷ್ಟು 30 ಹರ್ಟ್ಸಿನಲ್ಲಿ ಬೇಕು. ಒಂಟಿ ಇಎಲ್84 ಇರುವಲ್ಲಿ ವಾಲ್ವಿನ ಡಿಸಿ ಕರೆಂಟೂ ಅದೇ ಕಬ್ಬಿಣದ ಮೂಲಕ ಹರಿದು, ಅದರ ಸಾಮರ್ಥ್ಯದ ಒಂದು ಪಾಲನ್ನು ಮೊದಲೇ ತಿಂದಿರುತ್ತದೆ. ಕಬ್ಬಿಣ ತಾಳದ ಕೆಳಗಿನ ಸ್ವರಗಳನ್ನು ಕಪ್ಲಿಂಗ್ ಕಂಡೆನ್ಸರ್ ಒಳಗೆ ಬಿಟ್ಟರೆ ಅವು ಬಾಸ್ ಆಗಿ ಹೊರಬರುವುದಿಲ್ಲ. ಒಡೆದ ಸದ್ದಾಗಿ ಇಡೀ ಹಾಡಿನ ಮೇಲೆ ಕೂರುತ್ತವೆ. ಎಲ್‌ಪಿ ತಟ್ಟೆ ಕೇಳುವವರಿಗೆ ಈ ಕಾಟ ಇನ್ನೂ ಹೆಚ್ಚು: ನಿಮಿಷಕ್ಕೆ 33⅓ ಸುತ್ತುವ ಸೊಟ್ಟ ತಟ್ಟೆ 0.55 ಹರ್ಟ್ಸಿನಿಂದ ಮೇಲಕ್ಕೆ ಕೇಳದ ಅಲೆಗಳನ್ನು ಎಬ್ಬಿಸುತ್ತದೆ. ಹಳೆಯ ಬಯಲಾಟದ ಆಂಪ್ಲಿಫೈಯರುಗಳಲ್ಲಿ 0.005ರಷ್ಟು ಸಣ್ಣ ಕಂಡೆನ್ಸರ್ ಕಂಡು ಕೆಲವರು ನಗುವುದುಂಟು. ಮರಕ್ಕೆ ಕಟ್ಟುತ್ತಿದ್ದ ಕಹಳೆ ಸ್ಪೀಕರುಗಳು ಕೆಲವು ನೂರು ಹರ್ಟ್ಸಿನ ಕೆಳಗೆ ಏನನ್ನೂ ನುಡಿಯುವುದಿಲ್ಲ, ಮೇಲಾಗಿ ಕೆಳಗಿನ ಸ್ವರಗಳನ್ನು ಕೊಟ್ಟರೆ ಅವುಗಳ ಡಯಾಫ್ರಾಮ್ ಹರಿಯುತ್ತದೆ. ಹಾಗೆ ಕಟ್ಟಿದವರಿಗೆ ತಮ್ಮ ಕೆಲಸ ಚೆನ್ನಾಗಿಯೇ ಗೊತ್ತಿತ್ತು.

ಇನ್ನು ಭಾಗವತರ ದನಿ ಉಡುಗುವ ವಿಷಯ. ಇದಕ್ಕೆ ಗ್ರಿಡ್ ಬ್ಲಾಕಿಂಗ್ ಎನ್ನುತ್ತಾರೆ. ನಿಮ್ಮ ಸೆಟ್ಟಿನಲ್ಲಿ ನಡೆಯುತ್ತಿರುವುದು ಅದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇಎಲ್84ರ ಗ್ರಿಡ್ ತನ್ನ ಕ್ಯಾಥೋಡಿಗಿಂತ 7.3 ವೋಲ್ಟ್ ಕೆಳಗಿರುತ್ತದೆ. ಅದು ತನ್ನ ಪೂರ್ಣ 5.7 ವಾಟ್ ಕೊಡಲು ಬೇಕಾಗುವ ಸಿಗ್ನಲಿನ ತುದಿ 6 ವೋಲ್ಟ್ ಸುಮಾರು. ಹಿಂದಿನ ಇಸಿಸಿ83 ಮನಸ್ಸು ಮಾಡಿದರೆ 30 ವೋಲ್ಟ್ ತುದಿಯನ್ನು ಸಲೀಸಾಗಿ ಕೊಡಬಲ್ಲದು. ಚಂಡೆಯ ಪೆಟ್ಟು ಬಿದ್ದಾಗ ಸಿಗ್ನಲ್ 7 ವೋಲ್ಟನ್ನು ದಾಟಿ ಗ್ರಿಡ್ ಕ್ಯಾಥೋಡಿಗಿಂತ ಮೇಲೇರುತ್ತದೆ. ಆ ಕ್ಷಣದಲ್ಲಿ ಗ್ರಿಡ್ಡೂ ಕ್ಯಾಥೋಡೂ ಒಂದು ಡಯೋಡಿನಂತೆ ವರ್ತಿಸಿ ಗ್ರಿಡ್ಡಿನ ಮೂಲಕ ಕರೆಂಟ್ ಹರಿಯುತ್ತದೆ. ಆ ಕರೆಂಟು ಕಂಡೆನ್ಸರನ್ನು ಚಾರ್ಜ್ ಮಾಡುತ್ತದೆ. ಒಳಬರುವ ದಾರಿ 40 ಕಿಲೋ ಓಮ್‌ನ ಅಗಲದ ದಾರಿ, ಹೊರಹೋಗಬೇಕಾದ್ದು ಅರ್ಧ ಮೆಗಾ ಓಮ್‌ನ ಓಣಿ. ಆದ್ದರಿಂದ ತುಂಬಿದಷ್ಟು ಬೇಗ ಅದು ಖಾಲಿಯಾಗುವುದಿಲ್ಲ. ಖಾಲಿಯಾಗುವವರೆಗೂ ಗ್ರಿಡ್ ಅಗತ್ಯಕ್ಕಿಂತ ಹೆಚ್ಚು ಋಣವಾಗಿದ್ದು ವಾಲ್ವ್ ಅರೆನಿದ್ದೆಯಲ್ಲಿರುತ್ತದೆ. 0.47 ಮೈಕ್ರೋಫ್ಯಾರಡ್ 508 ಕಿಲೋ ಓಮ್ ಮೂಲಕ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯಲು 240 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಪೂರ್ತಿ ಚೇತರಿಸಿಕೊಳ್ಳಲು ಅದರ ಎರಡು ಮೂರು ಪಟ್ಟು. ನೀವು ಬರೆದ ‘ಒಂದರೆಕ್ಷಣ’ ಇದೇ. 0.022 ಇದ್ದರೆ ಇದೇ ಕಾಲ 11 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆಗ ಪೆಟ್ಟು ಒಡೆದರೂ ಅದರ ಹಿಂದೆ ಬರುವ ದನಿ ಉಳಿಯುತ್ತದೆ. ನನ್ನ ಮಟ್ಟಿಗೆ ದೊಡ್ಡ ಕಂಡೆನ್ಸರ್ ಬೇಡವೆನ್ನಲು ಈ ಒಂದೇ ಕಾರಣ ಸಾಕು. ಚಂಡೆ, ತಬಲಾ, ಮೃದಂಗಗಳ ಸಂಗೀತ ತುದಿಗಳಿಂದಲೇ ತುಂಬಿರುತ್ತದೆ. 5 ವಾಟಿನ ಆಂಪ್ಲಿಫೈಯರ್ ಅವುಗಳೆದುರು ದಿನಕ್ಕೆ ನೂರು ಸಲ ಮಿತಿ ಮೀರುತ್ತದೆ. ಗ್ರಿಡ್ ಪಿನ್ನಿಗೆ ತಾಗಿಕೊಂಡಂತೆ 47 ಕಿಲೋ ಓಮ್‌ನ ರೆಸಿಸ್ಟರೊಂದನ್ನು ಸರಣಿಯಲ್ಲಿ ಸೇರಿಸಿದರೆ ಒಳಬರುವ ದಾರಿಯೂ ಕಿರಿದಾಗಿ ತೊಂದರೆ ಇನ್ನಷ್ಟು ತಗ್ಗುತ್ತದೆ. ಇಎಲ್84ರಂಥ ಪೆಂಟೋಡಿನಲ್ಲಿ ಅದರಿಂದ ಮೇಲಿನ ಸ್ವರಗಳಿಗೆ ನಷ್ಟವಾಗುವುದಿಲ್ಲ.

ಕೋನ್ ಉಸಿರಾಡುವುದು ಬೇರೆ ಕಥೆ, ಆದರೆ ಬೇರು ಒಂದೇ. ನಿಮ್ಮ ಸೆಟ್ಟಿನಲ್ಲಿ ಇಸಿಸಿ83ರ ಎರಡೂ ಅರ್ಧಗಳು ಬಳಕೆಯಲ್ಲಿದ್ದರೆ ಇಎಲ್84 ಸೇರಿ ಮೂರು ಹಂತಗಳಾಗುತ್ತವೆ, ಮೂರಕ್ಕೂ ಕರೆಂಟ್ ಕೊಡುವ ಹೆಚ್ಚು ವೋಲ್ಟಿನ ಡಿಸಿ ಸರಬರಾಜು ಒಂದೇ, ಅದೇ ಎಚ್‌ಟಿ. ಇಎಲ್84 ಹೆಚ್ಚು ಕರೆಂಟ್ ಎಳೆದಾಗ ಎಚ್‌ಟಿ ಕುಗ್ಗುತ್ತದೆ. ಆ ಕುಸಿತ ಮೊದಲ ಹಂತದ ಆನೋಡಿನಲ್ಲಿ ಕಾಣಿಸಿಕೊಂಡು, ಎರಡನೆಯ ಹಂತದಲ್ಲಿ ತಿರುಗುಮುರುಗಾಗಿ, ಇಎಲ್84ರ ಗ್ರಿಡ್ಡನ್ನು ಮೇಲಕ್ಕೆತ್ತುತ್ತದೆ. ಅದು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಇದನ್ನು ತಡೆಯಬೇಕಾದದ್ದು ಎಚ್‌ಟಿಯ ಫಿಲ್ಟರ್ ಕಂಡೆನ್ಸರ್. 32 ಮೈಕ್ರೋಫ್ಯಾರಡ್ಡಿನ ಫಿಲ್ಟರ್ 30 ಹರ್ಟ್ಸಿನಲ್ಲಿ 166 ಓಮ್ ಮಾತ್ರ ತೋರುತ್ತದೆ, ಅಲ್ಲಿ ಭಯವಿಲ್ಲ; 1 ಹರ್ಟ್ಸಿನಲ್ಲಿ ಅದೇ ಕಂಡೆನ್ಸರ್ ಸುಮಾರು 5 ಕಿಲೋ ಓಮ್, ಅಂದರೆ ಇದ್ದೂ ಇಲ್ಲದಂತೆ. 0.01 ಕಂಡೆನ್ಸರ್ ಆ 1 ಹರ್ಟ್ಸನ್ನು ಬಾಗಿಲಲ್ಲೇ ತಡೆದಿತ್ತು, ನೀವು ಬಾಗಿಲು ತೆರೆದಿರಿ. ಫಿಲ್ಟರುಗಳೂ ಹಳೆಯವಾದರೆ ಅವನ್ನೂ ಬದಲಿಸಬೇಕಾದೀತು, ಆದರೆ ಮೊದಲು ಬಾಗಿಲು ಮುಚ್ಚಿ ನೋಡಿ.

ಈಗ ನನ್ನ ಸಲಹೆ. ಇಎಲ್84ರ ಗ್ರಿಡ್ಡಿಗೆ 0.022 ಹಾಕಿ. ಇಸಿಸಿ83ರ ಎರಡು ಅರ್ಧಗಳ ನಡುವೆ ಗ್ರಿಡ್ ಲೀಕ್ 1 ಮೆಗಾ ಓಮ್ ಇದ್ದರೆ ಅಲ್ಲಿ 0.01 ಸಾಕು, ಅದರ ಗಡಿ 15 ಹರ್ಟ್ಸ್. ಹೀಗೆ ಸರಿಸಮವಾದ ಎರಡು ಗಡಿಗಳು ಸೇರಿದಾಗ ಒಟ್ಟು ಗಡಿ ಒಂದೂವರೆ ಪಟ್ಟಿಗೆ ಏರುತ್ತದೆ ಎಂಬುದನ್ನು ಗಮನದಲ್ಲಿಡಿ. ಮೂರಾದರೆ ಸುಮಾರು ಎರಡು ಪಟ್ಟು. ನಿಮ್ಮದು 23 ಹರ್ಟ್ಸಿನ ಹತ್ತಿರ ಬರುತ್ತದೆ, ಖರ್ಜದ ನಷ್ಟ ಅರ್ಧ ಡೆಸಿಬೆಲ್ ಮಾತ್ರ. ಗ್ರಿಡ್ ಲೀಕನ್ನು ಹಿಗ್ಗಿಸಿ ಕಂಡೆನ್ಸರನ್ನು ಇನ್ನೂ ಕಿರಿದಾಗಿಸುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಅದಕ್ಕೆ ವಾಲ್ವ್ ತಯಾರಕರು ಮಿತಿ ಹಾಕಿದ್ದಾರೆ: ಇಎಲ್84ಕ್ಕೆ ಕ್ಯಾಥೋಡ್ ಬಯಾಸ್ (ಗ್ರಿಡ್ಡಿನ ಋಣ ವೋಲ್ಟೇಜ್ ಕ್ಯಾಥೋಡ್ ರೆಸಿಸ್ಟರಿನಿಂದಲೇ ಒದಗುವುದು) ಇದ್ದಾಗ 1 ಮೆಗಾ ಓಮ್, ಸ್ಥಿರ ಬಯಾಸ್ (ಅದನ್ನು ಬೇರೆ ಕಡೆಯಿಂದ ಕೊಡುವುದು) ಇದ್ದಾಗ 300 ಕಿಲೋ ಓಮ್. ಹಳೆಯ ವಾಲ್ವುಗಳ ಗ್ರಿಡ್ಡಿನಿಂದ ಸೋರುವ ಸಣ್ಣ ಕರೆಂಟು ದೊಡ್ಡ ರೆಸಿಸ್ಟರಿನ ಮೇಲೆ ವೋಲ್ಟುಗಳಾಗಿ ಬೆಳೆಯುವುದರಿಂದ, ನಾನಾದರೆ 470ನ್ನು ದಾಟುವುದಿಲ್ಲ.

ಮುಂದೆಂದಾದರೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ನೆಗೆಟಿವ್ ಫೀಡ್‌ಬ್ಯಾಕ್ ಕೊಡುವ ಆಲೋಚನೆ ಇದ್ದರೆ ಮಾತ್ರ ಈ ಸಲಹೆ ಬದಲಾಗುತ್ತದೆ. ಫೀಡ್‌ಬ್ಯಾಕಿನ ಸುತ್ತಿನೊಳಗೆ ಪ್ರತಿಯೊಂದು ಕಂಡೆನ್ಸರೂ ತನ್ನ ಗಡಿಯಲ್ಲಿ ಸಿಗ್ನಲನ್ನು 45 ಡಿಗ್ರಿ ತಿರುಗಿಸುತ್ತದೆ. ಟ್ರಾನ್ಸ್‌ಫಾರ್ಮರೂ ಹಾಗೆಯೇ. ಗಡಿಗಳೆಲ್ಲ ಒಂದೇ ಜಾಗದಲ್ಲಿದ್ದರೆ ತಿರುವುಗಳು ಕೂಡಿಕೊಂಡು ಫೀಡ್‌ಬ್ಯಾಕ್ ತನ್ನ ಚಿಹ್ನೆಯನ್ನೇ ಬದಲಿಸುತ್ತದೆ. 1947ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾದ ವಿಲಿಯಮ್ಸನ್ ಆಂಪ್ಲಿಫೈಯರಿನಲ್ಲಿ ಎರಡು ಕಪ್ಲಿಂಗ್ ಹಂತಗಳ ಗಡಿ ಬಹುತೇಕ ಒಂದೇ ಆಗಿದ್ದು, ಕೆಳಗಿನ ತುದಿಯ ಅಸ್ಥಿರತೆ ಅದರ ಹೆಸರಿಗಂಟಿದ ದೋಷವಾಯಿತು. ಆ ಬಳಿಕ ಬಂದ ಮಲ್ಲಾರ್ಡ್ ಕಂಪನಿಯ 5-10 ಆಂಪ್ಲಿಫೈಯರಿನಲ್ಲಿ ಇಎಫ್86 ವಾಲ್ವನ್ನು ಇಸಿಸಿ83ಕ್ಕೆ ಕಂಡೆನ್ಸರೇ ಇಲ್ಲದೆ ನೇರವಾಗಿ ಜೋಡಿಸಿ, ಒಂದು ಗಡಿಯನ್ನೇ ಇಲ್ಲವಾಗಿಸಿದರು. ನೀವು ಫೀಡ್‌ಬ್ಯಾಕ್ ಕೊಡುವುದಾದರೆ ಸುತ್ತಿನೊಳಗಿನ ಕಂಡೆನ್ಸರನ್ನು 0.1ಕ್ಕೆ ಏರಿಸಿ ಟ್ರಾನ್ಸ್‌ಫಾರ್ಮರಿನ ಗಡಿಯಿಂದ ದೂರ ಕಳುಹಿಸಿ, ಬೇಡದ ಕೆಳಸ್ವರಗಳನ್ನು ಸುತ್ತಿನ ಹೊರಗಿರುವ ಇನ್‌ಪುಟ್ ಕಂಡೆನ್ಸರಿನಲ್ಲೇ ಕತ್ತರಿಸಬೇಕು. ಬ್ಲಾಕಿಂಗ್ ಸ್ವಲ್ಪ ಹೆಚ್ಚುವುದನ್ನು ಆಗ ಒಪ್ಪಿಕೊಳ್ಳಬೇಕಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಅಳತೆಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಮುಖ್ಯವಾದದ್ದು ಕಂಡೆನ್ಸರಿನ ಸೋರಿಕೆ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಮೇಣದ ಕಾಗದದ ಹಳೆಯ ಕಂಡೆನ್ಸರುಗಳು ನೀರು ಕುಡಿಯುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಂಥದ್ದೊಂದರ ರೋಧ 20 ಮೆಗಾ ಓಮಿಗೆ ಇಳಿಯಿತೆನ್ನಿ. 150 ವೋಲ್ಟಿನಲ್ಲಿ 3.4 ವೋಲ್ಟ್ ಗ್ರಿಡ್ಡಿಗೆ ಬಂದು ಸೇರುತ್ತದೆ. ಕ್ಯಾಥೋಡ್ ರೆಸಿಸ್ಟರ್ ಸ್ವಲ್ಪ ಸರಿದೂಗಿಸಿದರೂ ವಾಲ್ವಿನ ಕರೆಂಟ್ ಸುಮಾರು 15 ಮಿಲಿ ಆಂಪಿಯರ್ ಏರುತ್ತದೆ. ಇಎಲ್84ರ ಆನೋಡಿನ ಮಿತಿ 12 ವಾಟ್. 250 ವೋಲ್ಟ್, 48 ಮಿಲಿ ಆಂಪಿಯರಿನ ಮಾಮೂಲಿ ನಡೆಯಲ್ಲೇ ಅದು ಆ ಮಿತಿಯನ್ನು ಮುಟ್ಟಿರುತ್ತದೆ. ಕಾರವಾರದಲ್ಲಿ ನಾನು ಹೊಸಬನಾಗಿದ್ದಾಗ, ಹಾಡು ಸ್ವಲ್ಪ ಒಡೆಯುತ್ತದೆಂದು ಬಂದ ಸೆಟ್ಟನ್ನು ಹೀಗೆ ಪರೀಕ್ಷಿಸದೆ ಇಡೀ ಸಂಜೆ ಹಾಡಿಸಿ, ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಕೊಂಡೆ. ಬೆಂಗಳೂರಿನ ಬಿಇಎಲ್ ಮುದ್ರೆಯಿದ್ದ ಆ ಇಎಲ್84 ಮಾತ್ರ ಹೇಗೋ ಬದುಕಿತು.

ಪರೀಕ್ಷೆ ಸುಲಭ. ಕಂಡೆನ್ಸರಿನ ಗ್ರಿಡ್ ಬದಿಯ ಕಾಲನ್ನು ಬಿಚ್ಚಿ, ಆ ಕಾಲಿಗೂ ಚಾಸಿಗೂ (ಸೆಟ್ಟಿನ ಲೋಹದ ತಳಕ್ಕೂ) ನಡುವೆ ಡಿಜಿಟಲ್ ಮೀಟರನ್ನು ಡಿಸಿ ವೋಲ್ಟಿಗಿಟ್ಟು ಸೆಟ್ಟನ್ನು ಹಚ್ಚಿ. ಮೀಟರಿನ ಒಳರೋಧ 10 ಮೆಗಾ ಓಮ್ ಆದ್ದರಿಂದ 1 ವೋಲ್ಟ್ ತೋರಿದರೆ 0.1 ಮೈಕ್ರೋ ಆಂಪಿಯರ್ ಸೋರುತ್ತಿದೆ ಎಂದರ್ಥ. 470 ಕಿಲೋ ಓಮ್ ಮೇಲೆ ಅದು 0.05 ವೋಲ್ಟ್ ಕೂಡ ಆಗದು, ಚಿಂತೆಯಿಲ್ಲ. 10 ವೋಲ್ಟ್ ದಾಟಿದರೆ ಅದನ್ನು ಎಸೆಯಿರಿ. ಮೊದಲ ಕ್ಷಣ ಮೀಟರ್ ಮೇಲೆ ಹಾರಿ ನಿಧಾನವಾಗಿ ಇಳಿಯುವುದು ಸಹಜ, ಪೂರ್ತಿ ಇಳಿಯುವವರೆಗೆ ಕಾಯಿರಿ. ಕಾಲು ಬಿಚ್ಚುವ ಮೊದಲೂ ಮರಳಿ ಬೆಸೆಯುವ ಮೊದಲೂ ಪ್ಲಗ್ಗನ್ನು ಕಿತ್ತು, ಫಿಲ್ಟರ್ ಕಂಡೆನ್ಸರುಗಳನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಖಾಲಿಯಾದದ್ದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಹೊಸದಾಗಿ ಕೊಳ್ಳುವಾಗ 630 ವೋಲ್ಟಿನದನ್ನೇ ಕೇಳಿ. ರೆಕ್ಟಿಫೈಯರ್ ವಾಲ್ವಿನ ಜಾಗದಲ್ಲಿ ಯಾರಾದರೂ ಸಿಲಿಕಾನ್ ಡಯೋಡ್ ಹಾಕಿದ್ದರೆ, ಮಿಕ್ಕ ವಾಲ್ವುಗಳು ಬಿಸಿಯಾಗುವ ಮೊದಲೇ 250 ವೋಲ್ಟಿನ ಸೆಕೆಂಡರಿಯಿಂದ 350 ವೋಲ್ಟಿಗೂ ಹೆಚ್ಚು ಎದ್ದು ಕಂಡೆನ್ಸರಿನ ಮೇಲೆ ನಿಲ್ಲುತ್ತದೆ, ಕರೆಂಟಿನ ಏರಿಳಿತ ಬೇರೆ. 400 ವೋಲ್ಟಿನದು ಅಷ್ಟಕ್ಕಷ್ಟೇ ಆಗುತ್ತದೆ. ಪಾಲಿಪ್ರೊಪಿಲೀನ್ ಸಿಕ್ಕರೆ ಒಳ್ಳೆಯದು, ಪಾಲಿಯೆಸ್ಟರ್ ಆದರೂ ನಡೆಯುತ್ತದೆ. ಇವೆರಡರ ನಡುವೆ ಸ್ವರ್ಗ ನರಕದಷ್ಟು ವ್ಯತ್ಯಾಸವಿದೆ ಎನ್ನುವವರ ಜೊತೆ ನನಗೆ ವಾದವಿಲ್ಲ, ನನ್ನ ಕಿವಿಗೆ ಅದು ಸಿಕ್ಕಿಲ್ಲ. ತಟ್ಟೆಯಾಕಾರದ ಸೆರಾಮಿಕ್ ಬೇಡ. ಮೈಮೇಲೆ 223 ಎಂದಿದ್ದರೆ ಅದು 0.022, 103 ಎಂದರೆ 0.01, 474 ಎಂದರೆ ನೀವು ಈಗ ತೆಗೆಯಬೇಕಾದದ್ದು.

ಇಷ್ಟಾದ ಮೇಲೆ ಗ್ರಿಡ್ಡಿನಲ್ಲಿ ಇನ್ನೂ ಧನ ವೋಲ್ಟೇಜ್ ಕಂಡರೆ, ಸೆಟ್ಟನ್ನು ಆರಿಸಿ ಇಎಲ್84ನ್ನು ಕಿತ್ತು, ಮತ್ತೆ ಹಚ್ಚಿ ಅಳೆಯಿರಿ. ವೋಲ್ಟೇಜ್ ಮಾಯವಾದರೆ ದೋಷ ವಾಲ್ವಿನದು. ಉಳಿದರೆ, ಹೊಸ ಕಂಡೆನ್ಸರನ್ನು ಬೈಯುವ ಮೊದಲು ಅದನ್ನು ಬೆಸೆದಿರುವ ಟ್ಯಾಗ್ ಬೋರ್ಡನ್ನೂ ವಾಲ್ವಿನ ಸಾಕೆಟ್ಟನ್ನೂ ನೋಡಿ. ಕರಾವಳಿಯ ಉಪ್ಪುಗಾಳಿ, ಶಿರಸಿಯ ಕಡೆಯಾದರೆ ಅಟ್ಟದ ಹೊಗೆಯ ಜಿಡ್ಡು, ಎರಡೂ ಆಷಾಢದ ತೇವ ಹೀರಿ ಆನೋಡಿನ ಟ್ಯಾಗಿನಿಂದ ಗ್ರಿಡ್ಡಿನ ಟ್ಯಾಗಿಗೆ ತಾವೇ ಒಂದು ರೆಸಿಸ್ಟರಾಗಿ ನಿಂತಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಶ್ ಅದ್ದಿ ಉಜ್ಜಿ ಪೂರ್ತಿ ಒಣಗಿಸಿದ ಮೇಲೆ ಅಳತೆ ತೆಗೆಯಿರಿ. ಇಎಲ್84ನ್ನು ಮರಳಿ ಕೂರಿಸಿದಾಗ ಗ್ರಿಡ್ಡಿನಲ್ಲಿ ಸೊನ್ನೆ, ಕ್ಯಾಥೋಡಿನಲ್ಲಿ 7 ವೋಲ್ಟಿನ ಆಸುಪಾಸು ಬಂದರೆ ಸೆಟ್ಟನ್ನು ಮುಚ್ಚಬಹುದು.